ಆಲ್ಡೊನಾದ ತುತ್ತೂರಿ: ಚಿಕ್ ಚಾಕೊಲೇಟ್ ಅವರ ಸಾಧನೆ ಮತ್ತು ಮಿತಿ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ತುತ್ತೂರಿ ವಾದಕರೊಬ್ಬರ ವಿಚಾರವೇಕೆ ಎಂಬ ಪ್ರಶ್ನೆ ಕೆಲವು ಸದಸ್ಯರ ಮನಸ್ಸಿನಲ್ಲಿ ಏಳುವುದು ಸಹಜ. ಅದಕ್ಕೆ ಎರಡು ಉತ್ತರಗಳಿವೆ. ಅನ್ನ ಕೊಟ್ಟ ನೆಲದ ಕಲೆಯನ್ನು ಅರಿಯದೆ ಆ ನೆಲದಲ್ಲಿ ಬಾಳುವುದು ಅರ್ಧ ಬಾಳು ಎಂಬುದು ಮೊದಲನೆಯದು. ಕಾಣಕೋಣದ ಜಾತ್ರೆ, ಮದುವೆ, ಇಗರ್ಜಿಯ ಫೆಸ್ತುಗಳಲ್ಲಿ ನಾವು ಕೇಳುವ ಹಿತ್ತಾಳೆ ವಾದ್ಯಗಳ ಹಿಂದೆ ಬಹು ದೊಡ್ಡ ಚರಿತ್ರೆಯೊಂದಿದೆ. ನಮ್ಮಲ್ಲಿ ಹೆಚ್ಚಿನವರು ಆ ಸದ್ದನ್ನು ಕೇಳಿದ್ದೇವೆ, ಚರಿತ್ರೆಯನ್ನು ಕೇಳಿಲ್ಲ. ಎರಡನೆಯ ಉತ್ತರ ಇನ್ನೂ ಹತ್ತಿರದ್ದು. ಈ ಚರಿತ್ರೆಯ ನಡುವಿನಲ್ಲೊಂದು ಕಡೆ ಕನ್ನಡದ ಹೆಣ್ಣುಮಗಳೊಬ್ಬಳ ಕಂಠವೂ ಸೇರಿಕೊಂಡಿದೆ. ಅದು ಎಲ್ಲಿ, ಹೇಗೆ ಎಂಬುದನ್ನು ಮುಂದೆ ನೋಡೋಣ.

ಆಂತೋನಿಯೊ ಷಾವಿಯರ್ ವಾಜ್ 1916ರಲ್ಲಿ ಬಾರ್ದೇಶ ತಾಲೂಕಿನ ಆಲ್ಡೊನಾ ಗ್ರಾಮದಲ್ಲಿ ಹುಟ್ಟಿದರು. ಮುಂಬಯಿಯಲ್ಲಿ 'ಚಿಕ್ ಚಾಕೊಲೇಟ್' ಎಂಬ ವೇದಿಕೆಯ ಹೆಸರಿನಿಂದ ಪ್ರಸಿದ್ಧರಾದರು. 1967ರಲ್ಲಿ, ಐವತ್ತರ ಆಸುಪಾಸಿನಲ್ಲೇ, ತೀರಿಕೊಂಡರು. ಜನ ಅವರಿಗೆ ಕೊಟ್ಟ ಬಿರುದು 'ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್'. ಬಿರುದುಗಳ ಸ್ವಭಾವವೇ ಹಾಗೆ, ಗೌರವಿಸುತ್ತಲೇ ಮರೆಮಾಡುತ್ತವೆ. ಒಬ್ಬ ಕಲಾವಿದನನ್ನು ಮತ್ತೊಬ್ಬನ ನೆರಳಾಗಿ ಗುರುತಿಸಿದ ಮೇಲೆ ಅವನ ಸ್ವಂತ ಕೆಲಸವನ್ನು ಯಾರೂ ಕೇಳಲು ಹೋಗುವುದಿಲ್ಲ. ಚಿಕ್ ಅವರ ನಿಜವಾದ ಸಾಧನೆ ಆರ್ಮ್‌ಸ್ಟ್ರಾಂಗರ ಅನುಕರಣೆಯಲ್ಲಿಲ್ಲ, ಮೇಳವೊಂದನ್ನು ಕಟ್ಟಿ ನಡೆಸಿದ ನಾಯಕತ್ವದಲ್ಲಿಯೂ ಆ ಮೇಳದ ನಡೆಯನ್ನು ಹಿಂದೀ ಚಲಚ್ಚಿತ್ರ ಗೀತೆಯೊಳಗೆ ನೆಲೆಗೊಳಿಸಿದ್ದರಲ್ಲಿಯೂ ಇದೆ ಎಂಬುದು ಈ ಲೇಖನದ ವಾದ.

ಸ್ವಿಂಗ್ ಎಂಬ ನಡೆ

ಸ್ವಿಂಗ್ ಎಂದರೆ ಉಯ್ಯಾಲೆ, ತೂಗುವುದು, ತೂಗಾಡುವುದು. ಅಮೆರಿಕದಲ್ಲಿ ಆಫ್ರಿಕಾ ಮೂಲದ ಜನರ ನಡುವೆ ಹುಟ್ಟಿದ ಜಾಜ್ ಸಂಗೀತವು 1930ರ ದಶಕದ ನಡುವಿನಿಂದ ಎರಡನೆಯ ಮಹಾಯುದ್ಧ ಮುಗಿಯುವವರೆಗೆ ತಾಳಿದ ರೂಪಕ್ಕೆ ಈ ಹೆಸರು ಬಂತು. ಇದರ ಲಯವನ್ನು ನಮ್ಮ ಪರಿಭಾಷೆಯಲ್ಲಿ ಸುಮಾರಾಗಿ ಹೀಗೆ ವಿವರಿಸಬಹುದು. ತಾಳ ನಾಲ್ಕು ಎಣಿಕೆಯದು. ಆದರೆ ಪ್ರತಿ ಎಣಿಕೆಯನ್ನು ಎರಡು ಸಮಪಾಲು ಮಾಡದೆ, ತಿಸ್ರ ನಡೆಯಲ್ಲಿರುವಂತೆ ಮೂರಾಗಿ ಭಾವಿಸಿ, ಮೊದಲ ಎರಡು ಪಾಲನ್ನು ಒಂದು ಸ್ವರಕ್ಕೂ ಉಳಿದ ಒಂದು ಪಾಲನ್ನು ಮುಂದಿನ ಸ್ವರಕ್ಕೂ ಕೊಡುತ್ತಾರೆ. ಒಂದು ದೀರ್ಘ, ಒಂದು ಹ್ರಸ್ವ. ಮತ್ತೆ ದೀರ್ಘ, ಮತ್ತೆ ಹ್ರಸ್ವ. ತೊಟ್ಟಿಲು ಮುಂದೆ ಹೋಗಿ ತುಸು ನಿಂತು ಹಿಂದಕ್ಕೆ ಬರುವಂತಹ ಚಲನೆ ಇದರಿಂದ ಹುಟ್ಟುತ್ತದೆ. ಕೇಳುವವನ ಕಾಲು ತಾನಾಗಿ ಕುಣಿಯುವುದು ಈ ಅಸಮಾನ ಹಂಚಿಕೆಯ ಫಲ.

ಹತ್ತು ಹದಿನೈದು ಜನ ಸೇರಿ ಇದನ್ನು ನುಡಿಸಬೇಕಾದಾಗ ವ್ಯವಸ್ಥೆ ಬೇಕಾಗುತ್ತದೆ. ತುತ್ತೂರಿಗಳದು ಒಂದು ಸಾಲು, ಟ್ರಾಂಬೋನುಗಳದು ಒಂದು ಸಾಲು, ಸ್ಯಾಕ್ಸೊಫೋನುಗಳದು ಇನ್ನೊಂದು. ಹಿಂದೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಮುಗಳ ಲಯವಿಭಾಗ. ಒಂದು ಸಾಲು ಕೇಳಿದ್ದಕ್ಕೆ ಇನ್ನೊಂದು ಸಾಲು ಉತ್ತರ ಕೊಡುತ್ತದೆ. ಇವೆಲ್ಲವನ್ನೂ ಮುಂಚಿತವಾಗಿ ಬರೆದಿಡಬೇಕು. ಬರೆದದ್ದರ ನಡುವೆ ಒಬ್ಬ ವಾದಕ ಎದ್ದು ನಿಂತು ತನ್ನ ಮನೋಧರ್ಮದಿಂದ ನುಡಿಸಲು ಅವಕಾಶವನ್ನೂ ಬಿಡಬೇಕು. ಬರೆದಿಟ್ಟದ್ದೂ ಆ ಕ್ಷಣದಲ್ಲಿ ಹುಟ್ಟಿದ್ದೂ ಒಂದಕ್ಕೊಂದು ಒದಗಿಬಂದಾಗ ಮಾತ್ರ ಮೇಳ ಗೆಲ್ಲುತ್ತದೆ. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಬೆನ್ನಿ ಗುಡ್‌ಮನ್ ಮೊದಲಾದವರು ಹೆಸರು ಗಳಿಸಿದ್ದು ಈ ನಾಯಕತ್ವದಿಂದಲೇ. 1938ರ ಜನವರಿ 16ರಂದು ಗುಡ್‌ಮನ್ ತನ್ನ ತಂಡವನ್ನು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕೂಡಿಸಿದಾಗ, ಕುಣಿತದ ಕೋಣೆಯ ಸಂಗೀತವು ಕಚೇರಿಯ ವೇದಿಕೆಗೆ ಏರಿತು. ಅಂದು ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ಕೂತು ನುಡಿಸಿದ್ದು ಕೂಡ ಆ ಕಾಲಕ್ಕೆ ದೊಡ್ಡ ಮಾತಾಗಿತ್ತು.

ಇಂಥ ನಾಯಕ ನಮಗೆ ಅಪರಿಚಿತನೇನೂ ಅಲ್ಲ. ಕಾರವಾರ, ಅಂಕೋಲಾ, ಹೊನ್ನಾವರಗಳಿಂದ ಇಲ್ಲಿಗೆ ಬಂದವರಿಗೆ ಯಕ್ಷಗಾನದ ಭಾಗವತನನ್ನು ನೆನಪಿಸಿದರೆ ಸಾಕು. ಭಾಗವತನೇ ಮೊದಲನೆಯ ವೇಷ ಎಂಬ ಮಾತು ನಮ್ಮಲ್ಲಿದೆ. ಅವನು ಕುಣಿಯುವುದಿಲ್ಲ, ಕುಣಿಸುತ್ತಾನೆ. ಮದ್ದಲೆಯನ್ನೂ ಚೆಂಡೆಯನ್ನೂ ವೇಷಧಾರಿಯನ್ನೂ ಒಂದೇ ಉಸಿರಿನಲ್ಲಿ ಹಿಡಿದಿಡುತ್ತಾನೆ. ಯಾರಿಗೆ ಎಷ್ಟು ಬಿಡಬೇಕು, ಯಾವಾಗ ಎಳೆದುಕೊಳ್ಳಬೇಕು ಎಂಬುದು ಅವನಿಗೆ ಗೊತ್ತು. ಬಡಗಣ ಕರ್ನಾಟಕದ ಕಂಪನಿ ನಾಟಕಗಳನ್ನು ಕಂಡವರು ಪೆಟ್ಟಿಗೆ ಮಾಸ್ತರನನ್ನು ನೆನೆಯಬಹುದು. ಚಿಕ್ ಚಾಕೊಲೇಟ್ ಅವರನ್ನು ಈ ಸಾಲಿನಲ್ಲಿಟ್ಟು ನೋಡಿದರೆ ಅವರ ಕೆಲಸದ ಸ್ವರೂಪ ತಿಳಿಯಾಗುತ್ತದೆ.

ಇಗರ್ಜಿಯ ಶಾಲೆಯಿಂದ ಮುಂಬಯಿಯ ಕೂಡಕ್ಕೆ

ಅಮೆರಿಕದ ಈ ಸಂಗೀತವನ್ನು ಆಲ್ಡೊನಾದ ಹುಡುಗನೊಬ್ಬ ಕೈವಶ ಮಾಡಿಕೊಂಡದ್ದು ಹೇಗೆ? ಉತ್ತರ ಗೋವಾದ ಇಗರ್ಜಿ ಶಾಲೆಗಳಲ್ಲಿದೆ. ಪೋರ್ಚುಗೀಜರು ಹದಿನಾರನೆಯ ಶತಮಾನದಿಂದ ಇಗರ್ಜಿಗಳಿಗೆ ಅಂಟಿಕೊಂಡಂತೆ ಶಾಲೆಗಳನ್ನು ನಡೆಸಿದರು. ಪೂಜೆಯಲ್ಲಿ ಹಾಡಲು ಹುಡುಗರು ಬೇಕಾಗಿದ್ದರಿಂದ ಅಲ್ಲಿ ಸಂಗೀತವೂ ಪಾಠವಾಯಿತು. ಇದರ ಉದ್ದೇಶ ಧರ್ಮಪ್ರಸಾರ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಉದ್ದೇಶ ಒಂದು, ಫಲ ಇನ್ನೊಂದು. ಸ್ವರಲಿಪಿಯನ್ನು ಕಂಡಕೂಡಲೇ ಓದಿ ಹಾಡುವ, ಪಿಟೀಲು ನುಡಿಸುವ ಮಕ್ಕಳು ಸಣ್ಣ ಸಣ್ಣ ಹಳ್ಳಿಗಳಲ್ಲಿ ತಲೆಮಾರುಗಟ್ಟಲೆ ಬೆಳೆದರು. ಸಂಗೀತದಲ್ಲಿ ಇಷ್ಟು ವ್ಯಾಪಕವಾದ ಸಾಕ್ಷರತೆ ಆ ಕಾಲದ ಭಾರತದಲ್ಲಿ ಬೇರೆಲ್ಲಿಯೂ ಸುಲಭವಾಗಿ ಕಾಣಸಿಗದು.

ಈ ಶಾಲೆಯ ಸಂಗೀತದ ಗುರುವಿಗೆ 'ಮೆಸ್ತ್ರೆ' ಎಂದು ಹೆಸರು. ಪೋರ್ಚುಗೀಜಿನ ಅದೇ ಶಬ್ದ ನಮ್ಮ ಭಾಷೆಗೂ ಬಂದು 'ಮೇಸ್ತ್ರಿ'ಯಾಯಿತು. ಇಂದು ಗೋವಾದ ಉದ್ದಗಲಕ್ಕೂ ಮನೆ, ಸೇತುವೆ, ರಸ್ತೆಗಳನ್ನು ಕಟ್ಟುತ್ತಿರುವ ಕನ್ನಡಿಗ ಮೇಸ್ತ್ರಿಗಳು ತಮ್ಮ ಕಸುಬಿನ ಹೆಸರಿಗೂ ಇಗರ್ಜಿಯ ಪಿಟೀಲು ಗುರುವಿಗೂ ಇರುವ ಈ ನಂಟನ್ನು ತಿಳಿದರೆ ಸಂತೋಷಪಟ್ಟಾರು. ಒಬ್ಬ ಕಲ್ಲಿನ ಮೇಲೆ ಕಲ್ಲಿಡುತ್ತಾನೆ, ಇನ್ನೊಬ್ಬ ಸ್ವರದ ಮೇಲೆ ಸ್ವರವಿಡುತ್ತಾನೆ. ಗೋಡೆ ನೆಟ್ಟಗಿರಬೇಕೆಂಬ ಹಟ ಇಬ್ಬರದೂ ಒಂದೇ.

ಕಲಿತದ್ದಕ್ಕೆ ತಕ್ಕ ಸಂಬಳ ಊರಿನಲ್ಲಿರಲಿಲ್ಲ. ಪೋರ್ಚುಗೀಜ್ ಗೋವಾದ ಬಡತನ ಜನರನ್ನು ಬ್ರಿಟಿಷ್ ಭಾರತದ ಕಡೆಗೆ ದೂಡಿತು. ಅಡುಗೆಯವರಾಗಿ, ಹಡಗಿನ ಕೆಲಸಗಾರರಾಗಿ, ಗುಮಾಸ್ತರಾಗಿ ಹೋದಂತೆಯೇ ವಾದಕರಾಗಿಯೂ ಸಾವಿರಾರು ಜನ ಹೋದರು. ಪಲ್ಟಣದ ಬ್ಯಾಂಡು, ಸಂಸ್ಥಾನಗಳ ಬ್ಯಾಂಡು, ಮೂಕಿ ಚಿತ್ರಗಳ ಪರದೆಯ ಮುಂದಿನ ವಾದ್ಯವೃಂದ, ಹೋಟೆಲುಗಳ ನೃತ್ಯಶಾಲೆ — ಎಲ್ಲೆಡೆ ಗೋವಾದವರಿದ್ದರು. ಮುಂಬಯಿಯಲ್ಲಿ ಅವರು ಉಳಿದುಕೊಳ್ಳುತ್ತಿದ್ದುದು 'ಕೂಡ'ಗಳಲ್ಲಿ. ಒಂದೊಂದು ಊರಿನವರು ಸೇರಿ ಧೋಬಿ ತಲಾವಿನಂಥ ಕಡೆಗಳಲ್ಲಿ ಬಾಡಿಗೆ ಹಿಡಿದ ವಾಸದ ಕೋಣೆಗಳಿವು. ಒಂದು ಪೆಟ್ಟಿಗೆ, ಒಂದು ಚಾಪೆ, ಗೋಡೆಯ ಮೇಲೆ ಊರಿನ ಸಂತನ ಪಟ, ಸಂಜೆ ಎಲ್ಲರೂ ಸೇರಿ ಪ್ರಾರ್ಥನೆ. ಪರವೂರಿನಲ್ಲಿ ತಮ್ಮ ಭಾಷೆಯನ್ನೂ ದೇವರನ್ನೂ ಊಟವನ್ನೂ ಕಾಪಾಡಿಕೊಳ್ಳಲು ಜನ ಕಟ್ಟಿಕೊಂಡ ಸಂಘ ಅದು. ಗೋವಾಕ್ಕೆ ಬಂದು ಕನ್ನಡ ಸಂಘ ಕಟ್ಟಿಕೊಂಡಿರುವ ನಮಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ತಾಜ್‌ನ ರಾತ್ರಿಗಳು

1935ರಲ್ಲಿ ಲಿಯಾನ್ ಆ್ಯಬಿ ಎಂಬ ಪಿಟೀಲುವಾದಕ ಆಫ್ರಿಕಾ ಮೂಲದ ಅಮೆರಿಕನ್ನರ ತಂಡವೊಂದನ್ನು ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ ಕರೆತಂದ. ಅನಂತರ ತುತ್ತೂರಿಯ ಕ್ರಿಕೆಟ್ ಸ್ಮಿತ್, ಪಿಯಾನೊದ ಟೆಡ್ಡಿ ವೆದರ್‌ಫರ್ಡ್ ಬಂದರು. ಷಿಕಾಗೊದಲ್ಲಿ ಹೆಸರು ಮಾಡಿದ್ದ ವೆದರ್‌ಫರ್ಡ್ ಮತ್ತೆ ತಾಯ್ನಾಡಿಗೆ ಮರಳಲಿಲ್ಲ. 1945ರಲ್ಲಿ ಕಲಕತ್ತೆಯಲ್ಲಿ ಕಾಲರಾ ಬಂದು ತೀರಿಕೊಂಡ. ಇವರ ತಂಡಗಳಲ್ಲಿ ಗೋವಾದ ವಾದಕರಿಗೆ ಜಾಗ ಸಿಕ್ಕಿತು. ಹಾಳೆಯಲ್ಲಿ ಬರೆದದ್ದನ್ನು ತಪ್ಪಿಲ್ಲದೆ ನುಡಿಸುವುದು ಇವರಿಗೆ ಮೊದಲೇ ಗೊತ್ತಿತ್ತು. ಹಾಳೆಯಲ್ಲಿ ಬರೆಯಲಾಗದ ಸಂಗತಿಯನ್ನು, ಎಂದರೆ ಸ್ವರವನ್ನು ತುಸು ಬಾಗಿಸುವುದು, ಎಣಿಕೆಯ ಬೆನ್ನ ಮೇಲೆ ಸವಾರಿ ಮಾಡುವುದು, ನಿಂತ ನಿಲುವಿನಲ್ಲಿ ಹೊಸತನ್ನು ಹುಟ್ಟಿಸುವುದನ್ನು ಇವರು ಕಲಿತದ್ದು ಆ ಹಿರಿಯರ ಮಗ್ಗುಲಲ್ಲಿ ಕೂತು. ಅದು ಅಕ್ಷರಶಃ ಗುರುಮುಖೇನ ಬಂದ ವಿದ್ಯೆ.

ಚಿಕ್ ಚಾಕೊಲೇಟ್ ಮುನ್ನೆಲೆಗೆ ಬಂದದ್ದು ಈ ವಾತಾವರಣದಲ್ಲಿ. ಆರ್ಮ್‌ಸ್ಟ್ರಾಂಗರ ಧ್ವನಿಮುದ್ರಿಕೆಗಳನ್ನು ಮತ್ತೆ ಮತ್ತೆ ಕೇಳಿ ಅವರ ತುತ್ತೂರಿಯ ಶೈಲಿಯನ್ನೂ ಗೊಗ್ಗರು ದನಿಯ ಹಾಡುಗಾರಿಕೆಯನ್ನೂ ವೇದಿಕೆಯ ಹಾವಭಾವವನ್ನೂ ರೂಢಿಸಿಕೊಂಡರು. ಯುದ್ಧದ ವರ್ಷಗಳಲ್ಲಿ ಮುಂಬಯಿಯ ಬಂದರು ಮಿತ್ರರಾಷ್ಟ್ರಗಳ ಸೈನಿಕರಿಂದ ತುಂಬಿತ್ತು. ನಾಳೆ ಯಾವ ರಣರಂಗವೋ ಎಂಬ ಅಳುಕಿನಲ್ಲಿದ್ದ ಆ ಯುವಕರಿಗೆ ಇಂದಿನ ರಾತ್ರಿ ಕುಣಿಯಲು ಸಂಗೀತ ಬೇಕಾಗಿತ್ತು. ವಾದಕರಿಗೆ ಬಿಡುವಿಲ್ಲದ ಕೆಲಸ ಸಿಕ್ಕಿತು. ಚಿಕ್ ತಮ್ಮದೇ 'ಮ್ಯೂಸಿಕ್ ಮೇಕರ್ಸ್' ತಂಡವನ್ನು ಕಟ್ಟಿದರು. ಹನ್ನೊಂದು ಜನರ ಆ ಮೇಳ 1940ರ ದಶಕದ ಕೊನೆಯ ವರ್ಷಗಳಲ್ಲಿ ತಾಜ್‌ನ ರಾತ್ರಿಗಳನ್ನು ನಡೆಸಿತು.

ಇಲ್ಲಿ ವಿಮರ್ಶೆಯ ಮೊದಲ ಪ್ರಶ್ನೆ ಎದುರಾಗುತ್ತದೆ: ಅನುಕರಣೆಯಿಂದ ಬದುಕಿದವನು ಕಲಾವಿದನೆ? ನಮ್ಮ ಪರಂಪರೆಯಲ್ಲಿ ಅನುಕರಣೆ ಬೈಗುಳವಲ್ಲ. ಶಿಷ್ಯ ಮೊದಲು ಗುರುವಿನ ಪಡಿಯಚ್ಚಾಗಿ ಹಾಡುತ್ತಾನೆ. ಬಾಲಗಂಧರ್ವರ ಹಾಗೆ ಹಾಡಲು ಹಂಬಲಿಸಿದ ನಟರು ಮರಾಠಿ ರಂಗಭೂಮಿಯಲ್ಲಿ ಮಾತ್ರವಲ್ಲ, ನಮ್ಮಲ್ಲಿಯೂ ಇದ್ದರು. ಆದರೆ ಗುರುವಿನ ದನಿಯೊಳಗಿಂದ ತನ್ನ ದನಿಯನ್ನು ಹೊರತೆಗೆಯದಿದ್ದರೆ ಶಿಷ್ಯತ್ವ ಅಲ್ಲಿಗೇ ನಿಲ್ಲುತ್ತದೆ. ಚಿಕ್ ಅವರ ವೇದಿಕೆಯ ವ್ಯಕ್ತಿತ್ವವನ್ನು ಈ ಅಳತೆಗೋಲಿನಿಂದ ಅಳೆದರೆ ಅದು ಪೂರ್ತಿ ಗೆಲ್ಲುವುದಿಲ್ಲ. ಹೋಟೆಲಿನ ಶ್ರೋತೃಗಳು ಕೇಳಬಯಸಿದ್ದು ಆರ್ಮ್‌ಸ್ಟ್ರಾಂಗರನ್ನು, ವಾಜ್ ಅವರನ್ನಲ್ಲ. ದೂರದ ಮೂಲಕ್ಕೆ ಹತ್ತಿರವಿದ್ದಷ್ಟೂ ಬೆಲೆ ಹೆಚ್ಚು ಎಂಬ ಆ ಮಾರುಕಟ್ಟೆಯ ನಿಯಮ ಕಲಾವಿದನಿಗೆ ಅನ್ನ ಕೊಟ್ಟಿತು, ಆದರೆ ಹೆಸರನ್ನು ಎರವಲಿನಲ್ಲೇ ಉಳಿಸಿತು. ಅವರ ಸ್ವಂತದ್ದನ್ನು ಹುಡುಕಬೇಕಾದರೆ ತಾಜ್‌ನಿಂದ ಹೊರಬಂದು ಸಿನಿಮಾದ ಸ್ಟುಡಿಯೊಗೆ ಹೋಗಬೇಕು.

ಸ್ಟುಡಿಯೊದೊಳಗೆ ಬಂದ ಮೇಳ

ಯುದ್ಧ ಮುಗಿಯಿತು, ಸೈನಿಕರು ಹೋದರು, 1947ರಲ್ಲಿ ಬ್ರಿಟಿಷರೂ ಹೊರಟರು. ಮುಂಬಯಿ ಪ್ರಾಂತ್ಯದಲ್ಲಿ 1949ರ ಪಾನನಿಷೇಧ ಕಾಯ್ದೆ ಬಂದ ಮೇಲೆ ಹೋಟೆಲುಗಳ ರಾತ್ರಿಜೀವನ ಕುಗ್ಗಿತು. ದೇಶವಿಭಜನೆಯಿಂದ ಲಾಹೋರಿನಂಥ ನಗರಗಳಲ್ಲಿದ್ದ ವಾದಕರೂ ಕೆಲಸ ಅರಸಿ ಮುಂಬಯಿಗೆ ಬಂದರು. ಇವರೆಲ್ಲರಿಗೂ ಆಸರೆಯಾದದ್ದು ಚಲಚ್ಚಿತ್ರರಂಗ. ಹಗಲು ಸ್ಟುಡಿಯೊ, ರಾತ್ರಿ ಹೋಟೆಲು ಎಂಬ ದಿನಚರಿ ಬಹಳ ಜನರದಾಯಿತು.

ಚಿಕ್ ಅವರಿಗೆ ದೊರೆತ ಸಂಗಾತಿ ಸಂಗೀತ ನಿರ್ದೇಶಕ ಸಿ. ರಾಮಚಂದ್ರ. ಅವರ ಕೆಲಸದ ಕ್ರಮವನ್ನು ತಿಳಿದರೆ ಚಿಕ್ ಅಂಥವರ ಪಾಲು ಎಷ್ಟೆಂದು ಗೊತ್ತಾಗುತ್ತದೆ. ನಿರ್ದೇಶಕ ಹಾರ್ಮೋನಿಯಂ ಹಿಡಿದು ಧಾಟಿಯನ್ನು ಹಾಡಿ ತೋರಿಸುತ್ತಾನೆ. ನಮ್ಮ ಸಂಗೀತದಲ್ಲಿ ಧಾಟಿ ಒಂದೇ ಎಳೆ. ಅದಕ್ಕೆ ಜೊತೆಯಾಗಿ ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ಹೆಣೆಯುವ ಪದ್ಧತಿ ಇಲ್ಲ. ಆ ಹೆಣಿಗೆಯನ್ನು ಮಾಡಬೇಕಾದವನು ವಾದ್ಯಸಂಯೋಜಕ. ಹಾಡಿನ ಮೊದಲಿಗೆ ಯಾವ ವಾದ್ಯ, ಪಲ್ಲವಿಗೂ ಚರಣಕ್ಕೂ ನಡುವೆ ಏನು, ಗಾಯಕಿ ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಯಾವ ಉತ್ತರ, ತಾಳದ ಭಾರ ಎಲ್ಲಿ ಬೀಳಬೇಕು — ಎಲ್ಲವನ್ನೂ ಅವನು ಯೋಚಿಸಿ, ಒಬ್ಬೊಬ್ಬ ವಾದಕನಿಗೂ ಪ್ರತ್ಯೇಕ ಹಾಳೆ ಬರೆದು ಕೊಡುತ್ತಾನೆ. ಗೋವಾದ ವಾದಕರು ಆ ಹಾಳೆಯನ್ನು ನೋಡಿ ಕೂಡಲೇ ನುಡಿಸಬಲ್ಲವರಾಗಿದ್ದರಿಂದ ಹೊತ್ತು ಉಳಿಯುತ್ತಿತ್ತು, ಹಣ ಉಳಿಯುತ್ತಿತ್ತು. ಇಗರ್ಜಿಯ ಮೆಸ್ತ್ರೆ ಕಲಿಸಿದ ಅಕ್ಷರಾಭ್ಯಾಸ ಹೀಗೆ ಹಿಂದೀ ಸಿನಿಮಾಕ್ಕೆ ಒದಗಿತು.

1950ರ 'ಸಮಾಧಿ' ಚಿತ್ರದ 'ಗೋರೆ ಗೋರೆ' ಗೀತೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಚಿತ್ರದ ಕಥೆ ಆಜಾದ್ ಹಿಂದ್ ಫೌಜಿನ ಸುತ್ತಮುತ್ತಲಿನದು. ಗೀತೆಯ ಧಾಟಿಗೆ ಮೂಲ 1945ರ ಹಾಲಿವುಡ್ ಚಿತ್ರವೊಂದರಲ್ಲಿ ಕಾರ್ಮೆನ್ ಮಿರಾಂಡಾ ಹಾಡಿದ ಹಾಡು. ಪೋರ್ಚುಗಲ್ಲಿನಲ್ಲಿ ಹುಟ್ಟಿ ಬ್ರೆಜಿಲಿನಲ್ಲಿ ಬೆಳೆದು ಅಮೆರಿಕದಲ್ಲಿ ಮೆರೆದ ಗಾಯಕಿ ಆಕೆ. ಪೋರ್ಚುಗೀಜ್ ಗೋವಾದಲ್ಲಿ ಹುಟ್ಟಿದ ಚಿಕ್ ಅವರ ನೆರವಿನಿಂದ ಆ ಧಾಟಿ ಮುಂಬಯಿಯಲ್ಲಿ ಹಿಂದೀ ಹಾಡಾಯಿತು. ಅದನ್ನು ಹಾಡಿದವರು ಇಬ್ಬರು. ಒಬ್ಬರು ಲತಾ ಮಂಗೇಶಕರ್. ಅವರ ಮನೆತನದ ಹೆಸರೇ ಗೋವಾದ ಮಂಗೇಶಿಯದು. ಇನ್ನೊಬ್ಬರು ಅಮೀರಬಾಯಿ ಕರ್ನಾಟಕಿ, ಬೀಳಗಿಯವರು, ಅಂದಿನ ವಿಜಾಪುರ ಜಿಲ್ಲೆಯ ಕನ್ನಡತಿ. ಲೇಖನದ ಮೊದಲಿಗೆ ಹೇಳಿದ ಕನ್ನಡದ ಕಂಠ ಇದೇ.

ಈ ಹಾಡನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ. ಅಮೀರಬಾಯಿಯವರ ಕಂಠ ನಾಟಕದ ಕಂಪನಿಗಳ ಪರಂಪರೆಯದು. ತುಂಬು ದನಿ, ಮಾತಿನ ಸ್ಪಷ್ಟತೆ, ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮುಟ್ಟಬೇಕೆಂಬ ಚಾಚು. ಲತಾ ಅವರದು ಮೈಕಿಗಾಗಿಯೇ ಹುಟ್ಟಿದ ಸಣ್ಣ, ಹರಿತ ದನಿ. ಎರಡು ಯುಗಗಳು ಒಂದೇ ಹಾಡಿನಲ್ಲಿ ಪರಸ್ಪರ ಮಾತನಾಡುತ್ತವೆ. ಅವೆರಡನ್ನೂ ಕಾದಾಟಕ್ಕಿಳಿಸದೆ ಒಂದೇ ಕುಣಿತದ ನಡೆಯ ಮೇಲೆ ಕೂರಿಸಿದ್ದು ಕೆಳಗಿನ ವಾದ್ಯಮೇಳ. ಮೇಳನಾಯಕನ ಗುಣ ಕಾಣುವುದು ಇಂಥಲ್ಲಿ. ಯಾರ ಗಮನವನ್ನೂ ತನ್ನ ಕಡೆ ಸೆಳೆಯದೆ ಎಲ್ಲರ ಹೆಜ್ಜೆಯನ್ನೂ ಅವನು ಕೂಡಿಸುತ್ತಾನೆ. ಅಮೀರಬಾಯಿಯವರ ಬದುಕನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕ ಬರೆದು ಅವರನ್ನು ನಮ್ಮ ನೆನಪಿಗೆ ಮರಳಿ ತಂದಿದ್ದಾರೆ. ಅವರ ದನಿಗೆ ನೆಲೆಯಾದ ಮೇಳವನ್ನೂ ನಾವು ನೆನೆಯುವುದು ನ್ಯಾಯ.

1951ರ 'ಅಲಬೇಲಾ' ಚಿತ್ರದಲ್ಲಿ ಈ ಕೆಲಸ ಅದರ ಶಿಖರ ಮುಟ್ಟಿತು. ಭಗವಾನ್ ನಿರ್ದೇಶಿಸಿ, ಗೀತಾ ಬಾಲಿಯವರೊಡನೆ ನಟಿಸಿದ ಈ ಚಿತ್ರದಲ್ಲಿ ಬೊಂಗೊ, ಕ್ಲಾರಿನೆಟ್, ತುತ್ತೂರಿ, ಸ್ಯಾಕ್ಸೊಫೋನುಗಳು ಹಾಡುಗಳ ಒಳಗಿನ ಪಾತ್ರಧಾರಿಗಳೇ ಆಗಿಬಿಡುತ್ತವೆ. ಭಗವಾನರ ಕುಣಿತ ಶಾಸ್ತ್ರೀಯವಲ್ಲ. ಬೀದಿಯ ಮೆರವಣಿಗೆಯಲ್ಲಿ ಸಾಮಾನ್ಯನೊಬ್ಬ ಕುಣಿದಂತೆ. ಆ ಸಾಮಾನ್ಯನ ಕಾಲಿಗೆ ಸ್ವಿಂಗ್ ನಡೆ ಎಷ್ಟು ಸಹಜವಾಗಿ ಹೊಂದಿತೆಂದರೆ ಅದು ಅಮೆರಿಕದ್ದೆಂದು ಯಾರಿಗೂ ಅನಿಸಲಿಲ್ಲ. ತಾಜ್‌ನಲ್ಲಿ ಸಿರಿವಂತರಿಗೆ ಮಾತ್ರ ಮೀಸಲಾಗಿದ್ದ ಸಂಗೀತ ಅಲ್ಪ ಬೆಲೆಯ ಟಿಕೆಟ್ಟಿನ ಪ್ರೇಕ್ಷಕನ ಸ್ವತ್ತಾಯಿತು. ಇದೇ ಚಿತ್ರದಲ್ಲಿ ಚಿಕ್ ಅವರೂ ಅವರ ತಂಡದವರೂ ಪರದೆಯ ಮೇಲೆ ಕಾಣಿಸಿಕೊಂಡಿದ್ದಾರೆ. ತಮ್ಮ ವಾದಕರನ್ನು ಕತ್ತಲಲ್ಲೇ ಇಟ್ಟ ಹಿಂದೀ ಸಿನಿಮಾ ಅಪರೂಪಕ್ಕೆ ಅವರ ಮುಖ ತೋರಿಸಿದ ಗಳಿಗೆ ಅದು.

1957ರ 'ಆಶಾ' ಚಿತ್ರದಲ್ಲಿ ಕಿಶೋರ್ ಕುಮಾರ್ ಹಾಡಿದ ಸುಪ್ರಸಿದ್ಧ ಅರ್ಥವಿಲ್ಲದ ಪದಗಳ ಗೀತೆಯೂ ಸಿ. ರಾಮಚಂದ್ರರದೇ. ಆ ಪದಗಳ ಸರಮಾಲೆಯ ನಡುವೆ 'ನನಗೆ ಬೇಡ' ಎಂಬ ಅರ್ಥದ ಅಪ್ಪಟ ಕೊಂಕಣಿ ಮಾತೊಂದು ಅಡಗಿ ಕುಳಿತಿದೆ. ಭಾರತವೆಲ್ಲ ಅರ್ಥ ತಿಳಿಯದೆ ಹಾಡಿದ ಆ ಮಾತು ಇಲ್ಲಿನ ಮೀನುಪೇಟೆಯಲ್ಲಿ ದಿನಕ್ಕೆ ನೂರು ಸಲ ಕೇಳಿಬರುವಂಥದು. ಸ್ಟುಡಿಯೊದಲ್ಲಿ ಗೋವಾದವರು ಬರಿಯ ಕೂಲಿಗಳಂತೆ ಇರಲಿಲ್ಲ, ತಮ್ಮ ಭಾಷೆಯ ಗುರುತನ್ನೂ ಹಾಡಿನೊಳಗೆ ಬಿಟ್ಟುಹೋದರು ಎಂಬುದಕ್ಕೆ ಇದೊಂದು ಸಣ್ಣ ಸಾಕ್ಷಿ.

ಸ್ವಂತ ಹೆಸರಿನ ಹಾಡು

ಸಹಾಯಕರಾಗಿ ಇಷ್ಟು ಮಾಡಿದ ಚಿಕ್ ಸ್ವತಂತ್ರ ಸಂಗೀತ ನಿರ್ದೇಶಕರಾಗಿ ಏನು ಮಾಡಿದರು? 1951ರಲ್ಲೇ ತೆರೆಕಂಡ 'ನಾದಾನ್' ಚಿತ್ರಕ್ಕೆ ಅವರದೇ ಸಂಗೀತ. ದೇವ್ ಆನಂದ್ ಮತ್ತು ಮಧುಬಾಲಾ ನಟಿಸಿದ ಈ ಚಿತ್ರದಿಂದ ಇಂದಿಗೂ ಉಳಿದಿರುವುದು ತಲತ್ ಮಹಮೂದ್ ಹಾಡಿದ ಒಂದು ಗೀತೆ. ಪ್ರಿಯೆಯ ಚಿತ್ರವನ್ನು ಬಿಡಿಸುವೆನೆಂಬ ಭಾವದ್ದು. ಅದರಲ್ಲಿ ಅಬ್ಬರದ ತುತ್ತೂರಿ ಇಲ್ಲ, ಕುಣಿತದ ನಡೆ ಇಲ್ಲ. ತಲತ್ ಅವರ ನಡುಗುದನಿಗೆ ಕೈಹಿಡಿದು ನಡೆಸುವಂತಹ ಮೆಲ್ಲನೆಯ ಧಾಟಿ ಇದೆ. ಇದು ಬಲು ಸೋಜಿಗದ ಸಂಗತಿ. 'ಭಾರತದ ಆರ್ಮ್‌ಸ್ಟ್ರಾಂಗ್' ಎಂಬ ಬಿರುದಾಂಕಿತನು ತನ್ನ ಹೆಸರಿನಲ್ಲಿ ಬಿಟ್ಟುಹೋದ ಅತ್ಯಂತ ಬಾಳಿಕೆಯ ಹಾಡಿನಲ್ಲಿ ಆರ್ಮ್‌ಸ್ಟ್ರಾಂಗರ ಸುಳಿವೇ ಇಲ್ಲ. ಬಿರುದು ಎಷ್ಟು ಮರೆಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ದನಿಯನ್ನು ಎತ್ತರಿಸಬಲ್ಲವನು ತಗ್ಗಿಸಲೂ ಬಲ್ಲವನಾಗಿದ್ದ. ಆ ಎರಡನೆಯ ಶಕ್ತಿಯನ್ನು ಚಿತ್ರರಂಗ ಮತ್ತೆ ಮತ್ತೆ ಬಳಸಿಕೊಳ್ಳಲಿಲ್ಲ. ಸಹಾಯಕನ ಕುರ್ಚಿ ಅವರಿಗೆ ಕಾಯಂ ಆಯಿತು.

ಸಹಾಯಕನ ಹೆಸರಾದರೂ ಶೀರ್ಷಿಕೆಯಲ್ಲಿ ಬರುತ್ತಿತ್ತು. ಅವರ ಮೇಳದಲ್ಲಿ ಕೂತ ಉಳಿದವರ ಹೆಸರು ಎಲ್ಲಿಯೂ ಇಲ್ಲ. ತುತ್ತೂರಿ ನುಡಿಸಿದವರು ಯಾರು, ಸ್ಯಾಕ್ಸೊಫೋನಿನ ಆ ಮೋಹಕ ಉತ್ತರ ಯಾರದು ಎಂಬುದನ್ನು ಧ್ವನಿಮುದ್ರಿಕೆಯ ಮೇಲಿನ ಚೀಟಿ ಹೇಳುವುದಿಲ್ಲ. ಕಟ್ಟಡದ ಉದ್ಘಾಟನೆಯ ಕಲ್ಲಿನಲ್ಲಿ ಮೇಸ್ತ್ರಿಯ ಹೆಸರು ಕೆತ್ತದಿರುವುದು ನಮ್ಮ ಸಮಾಜದ ಹಳೆಯ ರೂಢಿ. ಆ ರೂಢಿ ಸಂಗೀತದಲ್ಲಿಯೂ ನಡೆಯಿತು.

ಒಂದೇ ಗರಡಿಯ ಬೇರೆ ದಾರಿಗಳು

ಚಿಕ್ ಅವರನ್ನು ಸರಿಯಾಗಿ ಬೆಲೆಗಟ್ಟಲು ಅದೇ ಗರಡಿಯ ಇತರರೊಡನೆ ಹೋಲಿಸಬೇಕು. ಕಾಣಕೋಣಕ್ಕೆ ಹತ್ತಿರದ ಕುಡಚಡೆಯವರಾದ ಫ್ರ್ಯಾಂಕ್ ಫೆರ್ನಾಂದ್ ಕೂಡ ತುತ್ತೂರಿ ವಾದಕರು. 1919ರಲ್ಲಿ ಹುಟ್ಟಿ, 2007ರವರೆಗೆ ಬಾಳಿದರು. ಮಸ್ಸೂರಿಯಲ್ಲಿ ಗಾಂಧೀಜಿಯವರನ್ನು ಕಂಡ ಪ್ರಭಾವದಿಂದ, ಜಾಜ್ ನುಡಿಸುವ ಭಾರತೀಯ ತನ್ನ ನೆಲದ ಸಂಗೀತವನ್ನೂ ಅದರೊಳಗೆ ತರಬೇಕೆಂಬ ವಿಚಾರ ಅವರಲ್ಲಿ ಬಲಿಯಿತು. ಮುಂದೆ 'ಆಮ್ಚೆಂ ನಶೀಬ್' (1963), 'ನಿರ್ಮೊಣ್' (1966) ಎಂಬ ಕೊಂಕಣಿ ಚಿತ್ರಗಳನ್ನು ನಿರ್ಮಿಸಿದರು. 'ನಿರ್ಮೊಣ್' ಹಿಂದಿಯಲ್ಲಿ 'ತಕದೀರ್' ಆಗಿ ಮತ್ತೆ ತಯಾರಾಯಿತು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ರಾಗಸಂಗೀತವನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಬರೆಯುವ ಹಂಬಲದಿಂದ 1958ರಲ್ಲಿ ಮುಂಬಯಿಯಲ್ಲಿ ತಮ್ಮದೇ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಲಾಹೋರಿನಲ್ಲಿ ಮೇಳ ನಡೆಸಿ ವಿಭಜನೆಯ ಹೊತ್ತಿಗೆ ಮುಂಬಯಿ ಸೇರಿದ ಸೆಬಾಸ್ಟಿಯನ್ ಡಿಸೋಜಾ ಶಂಕರ್-ಜೈಕಿಶನ್ ಅವರ ವಾದ್ಯಸಂಯೋಜಕರಾಗಿ ಎರಡು ದಶಕಗಳಿಗೂ ಮಿಕ್ಕಿ ದುಡಿದರು. ಮಡಗಾಂವದ ಕ್ರಿಸ್ ಪೆರಿ, ಗಾಯಕಿ ಲೋರ್ನಾ ಅವರೊಡನೆ ಸೇರಿ ಸ್ವಿಂಗ್‌ನ ತುತ್ತೂರಿಗಳನ್ನು ಕೊಂಕಣಿಯ ಮಾತಿಗೆ ಕೂಡಿಸಿದರು. ಅವರ ಹಾಡುಗಳು ಇಂದಿಗೂ ಗೋವಾದ ಮದುವೆಮನೆಗಳಲ್ಲಿ ಜೀವಂತವಾಗಿವೆ.

ಇವರ ಪಕ್ಕದಲ್ಲಿ ನಿಲ್ಲಿಸಿದಾಗ ಚಿಕ್ ಅವರ ಮಿತಿ ಸ್ಪಷ್ಟವಾಗುತ್ತದೆ. ಆಂಥನಿಯವರಂತೆ ಅವರು ಹೊಸ ರೂಪವೊಂದನ್ನು ಕನಸಲಿಲ್ಲ. ಫ್ರ್ಯಾಂಕ್ ಅವರಂತೆ ತಮ್ಮ ಕಲೆಯ ದೇಶೀಯತೆಯನ್ನು ಕುರಿತ ವಿಚಾರದಿಂದ ಹೊಸ ದಾರಿ ಹಿಡಿದವರಲ್ಲ. ಕ್ರಿಸ್ ಪೆರಿಯವರಂತೆ ತಾಯ್ನುಡಿಗೆ ದೊಡ್ಡ ಹಾಡಿನ ಭಂಡಾರ ಕಟ್ಟಿಕೊಟ್ಟವರಲ್ಲ. ಅವರು ಮೊದಲಿನಿಂದ ಕೊನೆಯವರೆಗೆ ಮೇಳದವರು, ಇಂದಿನ ರಾತ್ರಿಯ ಕುಣಿತಕ್ಕಾಗಿ ನುಡಿಸಿದವರು. ಆದರೆ ಈ ಮಿತಿಯೇ ಅವರ ಶಕ್ತಿಯೂ ಹೌದು. ಸಿದ್ಧಾಂತದ ಭಾರವಿಲ್ಲದ್ದರಿಂದಲೇ ಅವರ ಸ್ವಿಂಗ್ ಹಿಂದೀ ಹಾಡಿನೊಳಗೆ ಹೊಲಿಗೆ ಕಾಣದಂತೆ ಸೇರಿತು. ದೊಡ್ಡ ಕನಸು ಕಂಡ ಸಿಂಫನಿ ಕೆಲವು ಸಂಜೆಗಳಲ್ಲಿ ಮುಗಿಯಿತು. ಕನಸನ್ನು ಘೋಷಿಸದ ಮೇಳದ ನಡೆ ಎಪ್ಪತ್ತು ವರ್ಷಗಳ ಅನಂತರವೂ ಜನರ ಕಾಲಿನಲ್ಲಿದೆ. ಯಾವುದು ಹೆಚ್ಚು ಎಂದು ತೀರ್ಪು ಕೊಡುವುದಕ್ಕಿಂತ, ಒಂದು ಸಂಸ್ಕೃತಿಗೆ 'ಇಬ್ಬರೂ ಬೇಕು' ಎನ್ನುವುದೇ ವಿವೇಕ.

ನಮ್ಮ ಪಾಲಿಗೆ

1955ರಿಂದ ಗೋವಾ ವಿಮೋಚನೆಯವರೆಗೆ ಪೊಳೆಂ ಮತ್ತು ಮಾಜಾಳಿಗಳ ನಡುವಿನ ಗಡಿ ದಿಗ್ಬಂಧನದಿಂದ ಮುಚ್ಚಿಹೋಗಿತ್ತು. ಮನುಷ್ಯರು ದಾಟಲಾಗದ ಆ ವರ್ಷಗಳಲ್ಲಿಯೂ ರೇಡಿಯೊದ ಹಾಡು ದಾಟುತ್ತಿತ್ತು. ಗೋವಾದವರು ನುಡಿಸಿದ ಮುಂಬಯಿಯ ಹಾಡನ್ನು ಕಾರವಾರದವರೂ ಹುಬ್ಬಳ್ಳಿಯವರೂ ಸಿಲೋನ್ ಕೇಂದ್ರದಿಂದ ಕೇಳಿ ಗುನುಗಿದರು. ಅದರೊಳಗೆ ಗೋವಾ ಇದೆಯೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯದ ಆ ಋಣ ಇಂದು ನಮ್ಮ ಮೇಲಿದೆ.

ಆ ಋಣವನ್ನು ತೀರಿಸುವ ದಾರಿ ಕಷ್ಟದ್ದಲ್ಲ. ಈ ತಾಲೂಕಿನ ಹಳ್ಳಿಗಳಲ್ಲಿ ಬ್ಯಾಂಡಿನಲ್ಲಿ, ತಿಯಾತ್ರದ ವಾದ್ಯವೃಂದದಲ್ಲಿ ನುಡಿಸಿದ ಹಿರಿಯರು ಇನ್ನೂ ಇರಬಹುದು. 1892ರಲ್ಲಿ ಮುಂಬಯಿಯಲ್ಲಿ ಆರಂಭವಾದ ತಿಯಾತ್ರ್ ಇಂದಿಗೂ ಜೀವಂತ ತುತ್ತೂರಿಯಿಲ್ಲದೆ ನಡೆಯುವುದಿಲ್ಲ. ಅವರ ಬಳಿ ಕೂತು, ಯಾವ ಮೆಸ್ತ್ರೆಯಿಂದ ಕಲಿತರು, ಯಾರ ಜೊತೆ ನುಡಿಸಿದರು, ಯಾವ ಹಾಡಿನಲ್ಲಿ ತಮ್ಮ ಉಸಿರಿದೆ ಎಂದು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಮಕ್ಕಳು ಕೊಂಕಣಿಯ ಗೆಳೆಯರ ಜೊತೆಗೂಡಿ ಮಾಡಬಲ್ಲರು. ಶಾಲೆಯಲ್ಲಿ ಕೊಂಕಣಿ ಕಲಿತು ಮನೆಯಲ್ಲಿ ಕನ್ನಡ ಆಡುವ ಈ ಮಕ್ಕಳಿಗಿಂತ ಯೋಗ್ಯರು ಆ ಕೆಲಸಕ್ಕೆ ಬೇರೆ ಯಾರೂ ಇಲ್ಲ.

ಇನ್ನೊಮ್ಮೆ 'ಸಮಾಧಿ'ಯ ಆ ಹಾಡು ಎಲ್ಲಿಯಾದರೂ ಕೇಳಿಬಂದರೆ ಬೀಳಗಿಯ ಕಂಠವನ್ನು ಅಭಿಮಾನದಿಂದ ಗುರುತಿಸೋಣ. ಅದರ ಜೊತೆಗೇ ಆ ಕಂಠವನ್ನು ಹೊತ್ತು ನಡೆದ ಮೇಳದ ಕಡೆಗೂ ಕಿವಿಗೊಡೋಣ. ಅದನ್ನು ನಡೆಸಿದವರಿಗೆ ಅಮೆರಿಕದವರ ಹೆಸರನ್ನು ಎರವಲು ಕೊಡಬೇಕಾಗಿಲ್ಲ. ಅವರು ಆಲ್ಡೊನಾದ ಆಂತೋನಿಯೊ ಷಾವಿಯರ್ ವಾಜ್; ಸ್ವರದ ಮೇಲೆ ಸ್ವರವಿಟ್ಟ ಮೇಸ್ತ್ರಿ.